ವಿಠಲ ವಿಹಾರದ ವಾಣಿ: ಡಾ. ಎಂ. ವಿ. ಗೋಪಾಲಸ್ವಾಮಿ

ಆನೈಮಲೈಯ ತಪ್ಪಲಿನ ಕನ್ನಡಿಗರಾದ ನಮಗೆ ಕನ್ನಡನಾಡು ನೀಲಗಿರಿಯ ಆಚೆಗಿದೆ. ಕೊಯಮತ್ತೂರು ಸೀಮೆ 1799ರವರೆಗೆ ಮೈಸೂರಿಗೆ ಸೇರಿತ್ತು. ಕೊಳ್ಳೇಗಾಲ ತಾಲ್ಲೂಕು 1956ರವರೆಗೆ ಕೊಯಮತ್ತೂರು ಜಿಲ್ಲೆಯಲ್ಲಿತ್ತು. ಎಲ್ಲೆಗಳು ಸರಿದಾಡಿದರೂ ಮನೆಮಾತು ಸರಿಯಲಿಲ್ಲ. ಆದರೆ ನಮ್ಮ ಅನೇಕ ಮನೆಗಳಲ್ಲಿ ಕನ್ನಡವು ನಾಲಗೆಯ ಮೇಲಿದೆಯೇ ಹೊರತು ಕಣ್ಣಿನ ಮುಂದಿಲ್ಲ. ನಮ್ಮ ಮಕ್ಕಳು ಅಕ್ಷರ ಕಲಿಯುವುದು ತಮಿಳಿನಲ್ಲಿ. ಅಕ್ಷರದ ಹಂಗಿಲ್ಲದೆ ಕಿವಿಯ ಮೂಲಕವೇ ಮನೆ ಸೇರುವ ಕನ್ನಡ ಇಂಥವರಿಗೆ ಎಂಥ ಭಾಗ್ಯವೆಂಬುದನ್ನು ನಾವು ಬಲ್ಲೆವು. ಆದುದರಿಂದ ನಮ್ಮ ಸಂಘದ ವಾರ್ಷಿಕೋತ್ಸವದ ಈ ಸಂಚಿಕೆಯಲ್ಲಿ, ಕನ್ನಡಕ್ಕೆ ಆ ಭಾಗ್ಯವನ್ನು ಮೊದಲು ತಂದುಕೊಟ್ಟ ಡಾ. ಎಂ. ವಿ. ಗೋಪಾಲಸ್ವಾಮಿಯವರನ್ನು ಸ್ಮರಿಸುವುದು ಉಚಿತವೆಂದು ಭಾವಿಸಿದ್ದೇವೆ.

ಗೋಪಾಲಸ್ವಾಮಿಯವರು ವೃತ್ತಿಯಿಂದ ಯಂತ್ರಶಿಲ್ಪಿಯಲ್ಲ, ಸಂಗೀತಗಾರರೂ ಅಲ್ಲ; ಮನಶ್ಶಾಸ್ತ್ರದ ಪ್ರಾಧ್ಯಾಪಕರು. ಲಂಡನ್ ವಿಶ್ವವಿದ್ಯಾನಿಲಯದಲ್ಲಿ ಪ್ರಖ್ಯಾತ ಮನಶ್ಶಾಸ್ತ್ರಜ್ಞ ಚಾರ್ಲ್ಸ್ ಸ್ಪಿಯರ್‌ಮನ್ನರ ಬಳಿ ವ್ಯಾಸಂಗಮಾಡಿ ಡಾಕ್ಟರೇಟ್ ಪಡೆದು ಮೈಸೂರಿಗೆ ಬಂದರು. ಆಗ ಮೈಸೂರು ವಿಶ್ವವಿದ್ಯಾನಿಲಯದ ಉಪಕುಲಪತಿಗಳಾಗಿದ್ದವರು ತತ್ತ್ವಜ್ಞಾನಿ ಬ್ರಜೇಂದ್ರನಾಥ ಸೀಲರು. 1924ರಲ್ಲಿ ಅಲ್ಲಿ ಮನಶ್ಶಾಸ್ತ್ರ ವಿಭಾಗವೂ ಪ್ರಯೋಗಶಾಲೆಯೂ ಆರಂಭವಾದವು. ಅವುಗಳನ್ನು ಕಟ್ಟಿ ಬೆಳೆಸಿದವರು ಗೋಪಾಲಸ್ವಾಮಿಯವರು. ಮುಂದೆ ಅವರು ಮಹಾರಾಜಾ ಕಾಲೇಜಿನ ಪ್ರಿನ್ಸಿಪಾಲರೂ ಆದರು. ಇಷ್ಟರಿಂದಲೇ ತೃಪ್ತರಾಗಿದ್ದರೆ ಗೌರವಾನ್ವಿತ ವಿದ್ವಾಂಸರೆಂಬ ಕೀರ್ತಿಯೊಂದಿಗೆ ಅವರ ಕಥೆ ಮುಗಿಯುತ್ತಿತ್ತು.

ಆ ಕಾಲದಲ್ಲಿ ರೇಡಿಯೋ ಭಾರತಕ್ಕೆ ಹೊಸದು. ಮದರಾಸಿನಲ್ಲಿ ಸಿ. ವಿ. ಕೃಷ್ಣಸ್ವಾಮಿ ಚೆಟ್ಟಿಯವರು 1924ರಲ್ಲಿ ರೇಡಿಯೋ ಕ್ಲಬ್ಬೊಂದನ್ನು ಸ್ಥಾಪಿಸಿ ಪ್ರಸಾರ ನಡೆಸಿದರು. ಹಣದ ಅಭಾವದಿಂದ 1927ರಲ್ಲಿ ಅದು ನಿಂತುಹೋಯಿತು. ಮುಂಬಯಿ, ಕಲ್ಕತ್ತಗಳಲ್ಲಿ ಪ್ರಸಾರ ಆರಂಭಿಸಿದ ಕಂಪನಿಯೂ ನಷ್ಟಕ್ಕೊಳಗಾಗಿ 1930ರಲ್ಲಿ ಸರಕಾರದ ವಶವಾಯಿತು. ದೊಡ್ಡ ಪಟ್ಟಣಗಳ ಸಂಸ್ಥೆಗಳೇ ಸೋತಿದ್ದ ಈ ಉದ್ಯಮಕ್ಕೆ ಮೈಸೂರಿನ ಒಬ್ಬ ಅಧ್ಯಾಪಕರು ಕೈಹಾಕಿದರು.

1935ನೆಯ ಇಸವಿ ಸೆಪ್ಟೆಂಬರ್ 10ರಂದು ಗೋಪಾಲಸ್ವಾಮಿಯವರ ಮನೆಯಾದ ವಿಠಲ ವಿಹಾರದಿಂದ ಪ್ರಸಾರ ಮೊದಲಾಯಿತು. ಯಂತ್ರವೋ, ಮನೆಯ ಒಂದು ವಿದ್ಯುದ್ದೀಪವನ್ನು ಉರಿಸುವಷ್ಟೇ ಶಕ್ತಿಯುಳ್ಳದ್ದು. ವೆಚ್ಚವೋ, ಸ್ವಂತದ್ದು. ಮೊದಲ ದಿನವೇ ಕುವೆಂಪು ಅವರು ತಮ್ಮ ಕವನವಾಚನದಿಂದ ಆ ಪ್ರಸಾರಕ್ಕೆ ಶೋಭೆ ತಂದರು. ಮೈಸೂರು ಆಗ ಸಂಗೀತ ವಿದ್ವಾಂಸರ ಬೀಡು. ಆದರೆ ಅರಮನೆಯ ದರ್ಬಾರಿನ ಗಾನವು ಬೀದಿಯ ಬಡವನ ಕಿವಿಗೆ ಬೀಳುವುದು ಅಪೂರ್ವವಾಗಿತ್ತು. ರೇಡಿಯೋ ಪೆಟ್ಟಿಗೆಯ ಮುಂದೆ ಕುಳಿತವನಿಗೆ ಆಹ್ವಾನಪತ್ರಿಕೆಯ ಅವಶ್ಯಕತೆಯಿರಲಿಲ್ಲ.

ಈ ನಿಲಯಕ್ಕೆ ಇಟ್ಟ ಹೆಸರು ಆಕಾಶವಾಣಿ. ಕಂಸನನ್ನು ಎಚ್ಚರಿಸಿದ ಅಶರೀರವಾಣಿಯ ಕಥೆಯನ್ನು ಕೇಳಿ ಬೆಳೆದ ಜನರಿಗೆ ಇದರ ಅರ್ಥವನ್ನು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಈ ನಾಮಕರಣದ ಶ್ರೇಯಸ್ಸು ನಾ. ಕಸ್ತೂರಿಯವರದೆಂದು ಹಲವರು ಹೇಳುತ್ತಾರೆ. ಕೇರಳದಲ್ಲಿ ಹುಟ್ಟಿ, ಮಲೆಯಾಳವನ್ನು ಮಾತೃಭಾಷೆಯಾಗಿ ಪಡೆದು, ಕನ್ನಡದ ಹಾಸ್ಯಸಾಹಿತ್ಯಕ್ಕೆ ಮೆರುಗು ಕೊಟ್ಟ ಕಸ್ತೂರಿಯವರು ಈ ನಿಲಯದ ಕಾರ್ಯದಲ್ಲಿ ಹೆಗಲು ಕೊಟ್ಟವರು. ಭಾಷೆಯು ಹುಟ್ಟಿನಿಂದ ಮಾತ್ರ ಬರತಕ್ಕದ್ದಲ್ಲ, ಪ್ರೀತಿಯಿಂದಲೂ ಬರುತ್ತದೆಂಬುದಕ್ಕೆ ಗಡಿಯಾಚೆಯ ನಮಗೆ ಇದಕ್ಕಿಂತ ಉತ್ತಮ ನಿದರ್ಶನ ಬೇಕಿಲ್ಲ.

ಅನಂತರ 250 ವ್ಯಾಟ್ ಶಕ್ತಿಯ ಯಂತ್ರ ಬಂದಿತು. ಸಾರ್ವಜನಿಕರ ಮತ್ತು ಮೈಸೂರು ಪುರಸಭೆಯ ನೆರವೂ ದೊರೆಯಿತು. ಆದರೂ ಪ್ರತಿದಿನವೂ ನಡೆಯಬೇಕಾದ ಇಂಥ ಕಾರ್ಯ ಒಬ್ಬ ಗೃಹಸ್ಥನ ಶಕ್ತಿಗೆ ಮೀರಿದ್ದು. ಸುಮಾರು ಆರು ವರ್ಷ ಅದನ್ನು ನಡೆಸಿ 1942ರಲ್ಲಿ ಮೈಸೂರು ಸಂಸ್ಥಾನಕ್ಕೆ ಒಪ್ಪಿಸಿದರು. ತಾನು ನೆಟ್ಟ ಗಿಡ ತನ್ನ ಹಿತ್ತಲಲ್ಲಿಯೇ ಇರಲಿ ಎಂಬ ಹಟ ಅನೇಕ ಒಳ್ಳೆಯ ಕಾರ್ಯಗಳನ್ನು ಒಣಗಿಸಿದೆ. ಸಂಘಸಂಸ್ಥೆಗಳಲ್ಲಿ ದುಡಿಯುವ ನಾವು ಗೋಪಾಲಸ್ವಾಮಿಯವರಿಂದ ಕಲಿಯಬೇಕಾದ ಮುಖ್ಯ ಪಾಠ ಇದೇ: ಆರಂಭಿಸುವ ಧೈರ್ಯದಷ್ಟೇ ಒಪ್ಪಿಸಿಕೊಡುವ ಔದಾರ್ಯವೂ ಬೇಕು.

1950ರಲ್ಲಿ ನಿಲಯವು ಭಾರತ ಸರಕಾರದ ಪ್ರಸಾರ ವ್ಯವಸ್ಥೆಗೆ ಸೇರಿತು. 1955ರ ನವೆಂಬರಿನಲ್ಲಿ ಬೆಂಗಳೂರಿಗೆ ಹೋಯಿತು. ಮೈಸೂರು ಮೂಕವಾಯಿತು. 1974ರಲ್ಲಿ ಅಲ್ಲಿ ಮತ್ತೆ ನಿಲಯ ತೆರೆಯಿತು. ಅದು ವಿಠಲ ವಿಹಾರದಿಂದ ಕೂಗಳತೆಯ ದೂರದಲ್ಲಿಯೇ ಇದೆ. ಹೆಸರಾದರೋ ಅಷ್ಟರಲ್ಲಿ ಊರನ್ನು ಮೀರಿ ಹೋಗಿತ್ತು. 1950ರ ದಶಕದ ಉತ್ತರಾರ್ಧದಲ್ಲಿ ಕೇಂದ್ರ ಸರಕಾರ ಅದನ್ನು ಇಡೀ ದೇಶದ ರೇಡಿಯೋ ಸಂಸ್ಥೆಗೆ ಸ್ವೀಕರಿಸಿತು. 2023ರಲ್ಲಿ ಇಂಗ್ಲಿಷ್ ಹೆಸರನ್ನು ಕೈಬಿಟ್ಟು ಅದೊಂದನ್ನೇ ಬಳಸುವುದೆಂದು ನಿಶ್ಚಯಿಸಿತು. ಒಂದು ಮನೆಯಲ್ಲಿ ಮೊಳಗಿದ ಹೆಸರು ದೇಶದ ಹೆಸರಾಯಿತು.

ರಾತ್ರಿಯಾದ ಮೇಲೆ ಮಧ್ಯಮ ತರಂಗಗಳು ಬಹುದೂರ ಸಾಗುತ್ತವೆ. ಹಗಲಿನಲ್ಲಿ ಗೊರಗೊರಗುಟ್ಟುವ ಪೆಟ್ಟಿಗೆಯಲ್ಲಿ ಇರುಳಿನಲ್ಲಿ ಕನ್ನಡ ತಿಳಿಯಾಗಿ ಕೇಳಿಸಿದಾಗ ಗಡಿಯಾಚೆಯವರಿಗೆ ಆಗುವ ಸಂತೋಷವನ್ನು ಒಳನಾಡಿನವರು ಊಹಿಸಲಾರರು. ಆ ಸಂತೋಷದ ಮೂಲ ಒಬ್ಬ ಮೇಷ್ಟರ ಮನೆಯಲ್ಲಿದೆ. ಅವರಿಗಿದ್ದುದು ಸಣ್ಣ ಯಂತ್ರ, ಸೀಮಿತ ಸಂಬಳ, ಕನ್ನಡಕ್ಕೆಂದು ಬಿಟ್ಟುಕೊಟ್ಟ ಮನೆ. ಇಂದು ಧ್ವನಿಯನ್ನು ದೂರಕ್ಕೆ ಕಳುಹಿಸುವ ಸಾಧನ ನಮ್ಮೆಲ್ಲರ ಅಂಗಿಯ ಜೇಬಿನಲ್ಲಿದೆ. ಆದರೆ ಅಜ್ಜಿಯ ಹಾಡನ್ನು, ಹಿರಿಯರ ಕಥೆಯನ್ನು ಹಿಡಿದಿಟ್ಟು ಮಕ್ಕಳಿಗೆ ಕೇಳಿಸುವವರು ನಮ್ಮಲ್ಲಿ ಎಷ್ಟು ಮಂದಿ? ಪ್ರತಿ ಮನೆಯೂ ವಾರಕ್ಕೊಂದು ಗಳಿಗೆ ವಿಠಲ ವಿಹಾರವಾಗಲಿ ಎಂದು ಹಾರೈಸಿ, ಆ ಪುಣ್ಯಪುರುಷರಿಗೆ ನಮ್ಮ ನಮನಗಳನ್ನು ಸಲ್ಲಿಸುತ್ತೇವೆ.