ಕಾಡಿನ ಲೆಕ್ಕ ಬರೆದ ಡಾಕ್ಟರು

ಬೋಧನಾಭ್ಯಾಸದ ಮೂರನೆಯ ವಾರ ನನ್ನ ಪಾಲಿಗೆ ಒಂಬತ್ತನೆಯ ತರಗತಿಯ ಅರಣ್ಯ ಸಂರಕ್ಷಣೆಯ ಪಾಠ ಬಂತು. ಒಂದೇ ಅವಧಿಯ ಪಾಠ. ಪೀಠಿಕೆಗೆ ಒಬ್ಬ ವ್ಯಕ್ತಿಯ ಜೀವನ ಹೇಳಿದರೆ ಮಕ್ಕಳ ಮನಸ್ಸು ನಿಲ್ಲುತ್ತದೆಂದು ಹ್ಯೂ ಕ್ಲೆಗಾರ್ನ್ ಅವರನ್ನು ಆರಿಸಿಕೊಂಡೆ. ನಾನು ಪಾಠ ಮಾಡುತ್ತಿದ್ದ ಶಾಲೆ ಇರುವುದು ಶಿವಮೊಗ್ಗ ಜಿಲ್ಲೆಯಲ್ಲಿ. ಕ್ಲೆಗಾರ್ನ್ ಅವರ ಕಾಡಿನ ಅಭ್ಯಾಸ ಶುರುವಾದದ್ದೂ ಇದೇ ಶಿವಮೊಗ್ಗದಲ್ಲಿ. ಇದಕ್ಕಿಂತ ಒಳ್ಳೆಯ ಪೀಠಿಕೆ ಸಿಗದು ಎಂದುಕೊಂಡಿದ್ದೆ.

ಅವರು ಹುಟ್ಟಿದ್ದು 1820ರಲ್ಲಿ, ಮದರಾಸಿನಲ್ಲಿ. ತಂದೆ ಅಲ್ಲಿನ ನ್ಯಾಯಾಲಯದಲ್ಲಿ ಅಧಿಕಾರಿ. ಎಳೆಯ ಮಗುವಾಗಿದ್ದಾಗಲೇ ಅವರನ್ನು ಸ್ಕಾಟ್ಲೆಂಡಿಗೆ, ಸೇಂಟ್ ಆಂಡ್ರೂಸ್ ಹತ್ತಿರದ ಸ್ಟ್ರಾವಿಥಿ ಎಂಬ ಹಳ್ಳಿಯಲ್ಲಿದ್ದ ತಾತನ ಜಮೀನಿಗೆ ಕಳಿಸಿದರು. ಎಡಿನ್‌ಬರೋದಲ್ಲಿ ವೈದ್ಯಶಾಸ್ತ್ರ ಓದಿ, 1842ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಸಹಾಯಕ ಸರ್ಜನ್ ಆಗಿ ಮದರಾಸಿಗೆ ಮರಳಿದರು. ಆ ಕಾಲದಲ್ಲಿ ವೈದ್ಯನಾಗಬೇಕಾದರೆ ಗಿಡಮೂಲಿಕೆ ತಿಳಿದಿರಲೇಬೇಕಿತ್ತು. ಔಷಧಿಗಳಲ್ಲಿ ಬಹುಪಾಲು ಗಿಡದಿಂದಲೇ ಬರುತ್ತಿದ್ದವು. ಹೀಗಾಗಿ ಕಂಪನಿಯ ಅನೇಕ ಡಾಕ್ಟರುಗಳು ಸಸ್ಯಶಾಸ್ತ್ರಜ್ಞರೂ ಆಗಿದ್ದರು. ಡಾಕ್ಟರಿಗೂ ಕಾಡಿಗೂ ಏನು ಸಂಬಂಧ ಎಂದು ತರಗತಿಯಲ್ಲಿ ಒಬ್ಬ ಹುಡುಗ ಕೇಳಿದ್ದರಿಂದ ಇದನ್ನು ಬಿಡಿಸಿ ಹೇಳಬೇಕಾಯಿತು.

ಆಗ ಮೈಸೂರು ಸೀಮೆ ಕಮಿಷನರ್ ಮಾರ್ಕ್ ಕಬ್ಬನ್ ಅವರ ಆಡಳಿತದಲ್ಲಿತ್ತು. ಕ್ಲೆಗಾರ್ನ್ ಅವರನ್ನು ನಗರ ವಿಭಾಗಕ್ಕೆ ಹಾಕಿದರು, ಠಾಣೆ ಶಿವಮೊಗ್ಗ. ಅಲ್ಲಿ ಅವರು ಒಂದು ನೇಮ ಇಟ್ಟುಕೊಂಡರು. ದಿನಕ್ಕೊಂದು ಗಿಡವನ್ನು ಗಮನವಿಟ್ಟು ನೋಡುವುದು, ಅಷ್ಟೇ. ಇದು ಹಿರಿಯ ಸಸ್ಯವಿಜ್ಞಾನಿ ವಿಲಿಯಂ ಹುಕರ್ ಅವರ ಸಲಹೆಯಂತೆ. ಒಬ್ಬ ಮರಾಠಿ ಚಿತ್ರಕಾರನನ್ನು ನೇಮಿಸಿಕೊಂಡು ಎಲೆ, ಹೂವು, ಕಾಯಿಗಳ ಚಿತ್ರ ಬರೆಸಿದರು. ಆ ಚಿತ್ರಗಳು ಈಗಲೂ ಎಡಿನ್‌ಬರೋದ ಸಸ್ಯೋದ್ಯಾನದಲ್ಲಿವೆ. ನಮ್ಮ ಮಲೆನಾಡಿನ ಗಿಡಗಳು ಇಷ್ಟು ವರ್ಷಗಳಾದರೂ ಅಲ್ಲಿನ ಕಪಾಟಿನಲ್ಲಿ ಬಣ್ಣ ಉಳಿಸಿಕೊಂಡು ಕೂತಿವೆ ಎಂದಾಗ ತರಗತಿ ನಿಶ್ಶಬ್ದವಾಯಿತು. ದಿನಕ್ಕೊಂದು ಗಿಡ ನೋಡಿಬನ್ನಿ ಎಂದು ಮನೆಗೆಲಸವನ್ನೂ ಕೊಟ್ಟೆ. (ಮರುದಿನ ಹತ್ತೊಂಬತ್ತು ಮಂದಿ ತುಳಸಿಯನ್ನೇ ಬರೆದು ತಂದಿದ್ದರು. ಮನೆಗೆಲಸ ಕೊಡುವುದನ್ನೂ ಕಲಿಯಬೇಕು.)

ಗಿಡ ನೋಡುತ್ತ ಹೋದವರಿಗೆ ಗಿಡ ಇಲ್ಲದ ಜಾಗಗಳೂ ಕಂಡವು. ಗುಡ್ಡದ ಇಳಿಜಾರುಗಳಲ್ಲಿ ಕಾಡು ಕಡಿದು ಸುಟ್ಟು ಬೆಳೆ ತೆಗೆಯುವ ಕುಮರಿ ಬೇಸಾಯ ನಡೆಯುತ್ತಿತ್ತು. ಒಳ್ಳೆಯ ತೇಗ, ಬೀಟೆ ಮರಗಳು ಲೆಕ್ಕವಿಲ್ಲದೆ ಹೋಗುತ್ತಿದ್ದವು. 1848ರಲ್ಲಿ ಕಾಯಿಲೆಯಿಂದ ರಜೆಯ ಮೇಲೆ ಸ್ಕಾಟ್ಲೆಂಡಿಗೆ ಹೋದಾಗ ಈ ಚಿಂತೆಯೂ ಜೊತೆಗೆ ಹೋಯಿತು. 1850ರಲ್ಲಿ ಎಡಿನ್‌ಬರೋದಲ್ಲಿ ಬ್ರಿಟಿಷ್ ವಿಜ್ಞಾನ ಸಂಘದ ಸಭೆ ಸೇರಿತು. ಅಲ್ಲಿ ಅವರು ಭಾರತದ ಬೇಲಿ ಗಿಡಗಳ ಮೇಲೊಂದು ಪ್ರಬಂಧ ಓದಿದರು. ಉಷ್ಣವಲಯದ ಕಾಡುಗಳು ನಾಶವಾದರೆ ಆರ್ಥಿಕವಾಗಿಯೂ ಭೌತಿಕವಾಗಿಯೂ ಏನಾಗುತ್ತದೆ ಎಂದು ಪರಿಶೀಲಿಸಲು ಸಂಘ ನೇಮಿಸಿದ ಸಮಿತಿಯಲ್ಲಿ ಅವರೇ ಮುಂದಾಳು. ಮರುವರ್ಷ, 1851ರಲ್ಲಿ, ವರದಿ ಮಂಡನೆಯಾಯಿತು.

ಈ ವರದಿಯನ್ನು ನಾನು ಪಾಠದ ನಡುಮಧ್ಯಕ್ಕೆ ಇಟ್ಟುಕೊಂಡಿದ್ದೆ. ಕಾಡು ಚೆಂದ, ಉಳಿಸೋಣ ಎನ್ನುವ ಮಾತು ಅದರಲ್ಲಿಲ್ಲ. ಬೇರೆ ಬೇರೆ ಸೀಮೆಗಳಲ್ಲಿದ್ದ ಅಧಿಕಾರಿಗಳು, ವೈದ್ಯರು ಕಣ್ಣಾರೆ ಕಂಡು ಬರೆದದ್ದನ್ನೆಲ್ಲ ಕೂಡಿಹಾಕಿ, ಮರ ಹೋದಲ್ಲಿ ನೀರಿಗೆ ಏನಾಯಿತು, ಮಣ್ಣಿಗೆ ಏನಾಯಿತು, ಮುಂದೆ ಮನೆಗೂ ಹಡಗಿಗೂ ಮರ ಎಲ್ಲಿಂದ ಬರಬೇಕು ಎಂದು ಕೇಳುವ ಬರಹ ಅದು. ಊಹೆ ಬಿಟ್ಟು ಪುರಾವೆ ಕೂಡಿಸುವ ಕೆಲಸ. ವಿಜ್ಞಾನ ಪಾಠದಲ್ಲಿ ನಾವು ಮಕ್ಕಳಿಂದ ಮಾಡಿಸಬೇಕೆನ್ನುವುದೂ ಇದನ್ನೇ.

ಮುಂದಿನದನ್ನು ಬೇಗ ಹೇಳಿದೆ. ಮದರಾಸಿಗೆ ಮರಳಿ ಅಲ್ಲಿನ ವೈದ್ಯಕೀಯ ಕಾಲೇಜಿನಲ್ಲಿ ಸಸ್ಯಶಾಸ್ತ್ರದ ಪ್ರಾಧ್ಯಾಪಕರಾದದ್ದು, 1856ರಲ್ಲಿ ಮದರಾಸು ಪ್ರಾಂತ್ಯದ ಅರಣ್ಯ ಸಂರಕ್ಷಣಾಧಿಕಾರಿಯಾದದ್ದು, ಬೆಂಗಳೂರಿನ ಲಾಲ್‌ಬಾಗ್ ಸರ್ಕಾರಿ ಸಸ್ಯೋದ್ಯಾನವಾಗುವಾಗ ಸಲಹೆ ಕೊಟ್ಟದ್ದು, ಆನೆಮಲೆಯ ಎತ್ತರದ ಬೆಟ್ಟಗಳನ್ನು ಹತ್ತಿ ಕಾಡು ಅಳೆದದ್ದು. ಆಗ ರೈಲು ಹಾದಿ ಹೊಸದಾಗಿ ಬರುತ್ತಿತ್ತು. ಒಂದು ಮೈಲಿ ಹಳಿಗೆ 1,760ರಿಂದ 2,000 ಮರದ ಸ್ಲೀಪರುಗಳು ಬೇಕು. ಹತ್ತು ಮೈಲಿಗೆ ಎಷ್ಟು ಎಂದು ಕಪ್ಪುಹಲಗೆಯ ಮೇಲೆ ಮಕ್ಕಳಿಂದಲೇ ಗುಣಾಕಾರ ಮಾಡಿಸಿದೆ. 1860ರಲ್ಲಿ ಮದರಾಸು ಸರ್ಕಾರ ತನ್ನ ಕಾಡುಗಳಲ್ಲಿ ಅಪ್ಪಣೆಯಿಲ್ಲದೆ ಕುಮರಿ ಮಾಡಬಾರದೆಂದು ನಿಷೇಧಿಸಿತು. ಇದಕ್ಕೆ ಕ್ಲೆಗಾರ್ನ್ ಅವರ ಒತ್ತಾಯವೂ ಕಾರಣ. ಹೀಗೆ ಕಾಡು ಉಳಿಯಿತು ಎಂದು ಮುಗಿಸಿ, ಮೌಲ್ಯಮಾಪನದ ಪ್ರಶ್ನೆಗಳಿಗೆ ಬಂದೆ.

ಹಿಂದಿನ ಬೆಂಚಿನಿಂದ ಒಬ್ಬ ಹುಡುಗಿ ಎದ್ದಳು. ಹೊಸನಗರದ ಕಡೆಯವಳು. ತಮ್ಮ ಹಿರಿಯರನ್ನು ಊರವರು ಕುಮರಿ ಮರಾಠಿಗಳು ಎನ್ನುತ್ತಿದ್ದರಂತೆ. ಕುಮರಿ ನಿಲ್ಲಿಸಿದ ಮೇಲೆ ಅವರು ಏನು ಉಣ್ಣಬೇಕಿತ್ತು ಮೇಡಂ, ಎಂದು ಕೇಳಿದಳು. ಕೇಳಿದ್ದರಲ್ಲಿ ಸಿಟ್ಟೇನೂ ಇರಲಿಲ್ಲ. ನನ್ನ ಬಳಿ ಉತ್ತರ ಇರಲಿಲ್ಲ. ಗಂಟೆ ಹೊಡೆಯಿತು, ಅದರ ಮರೆಯಲ್ಲಿ ತಪ್ಪಿಸಿಕೊಂಡೆ. ವೀಕ್ಷಣಾ ಪುಸ್ತಕದಲ್ಲಿ ಮಾರ್ಗದರ್ಶಕರು ಕಪ್ಪುಹಲಗೆಯ ಬಳಕೆ ಉತ್ತಮವೆಂದು ಬರೆದಿದ್ದರು. ಆ ಮಾತು ಓದಿ ಸಂತೋಷವಾಗಲಿಲ್ಲ.

ಆ ರಾತ್ರಿ ಮತ್ತೆ ಓದಲು ಕೂತಾಗ ನನ್ನ ಪಾಠಯೋಜನೆಯ ಕೊರತೆ ಕಂಡಿತು. ಕುಮರಿಯನ್ನು ನಾನು ಒಂದೇ ವಾಕ್ಯದಲ್ಲಿ ತಪ್ಪು ಎಂದು ತೀರ್ಮಾನಿಸಿಬಿಟ್ಟಿದ್ದೆ. ಬೇಸಿಗೆಯಲ್ಲಿ ಕಡಿದು, ಒಣಗಿಸಿ, ಮಳೆಗೆ ಮುಂಚೆ ಸುಟ್ಟು, ಬೂದಿಯಲ್ಲಿ ಬೀಜ ಚೆಲ್ಲಿ, ಒಂದೆರಡು ಬೆಳೆ ತೆಗೆದ ಮೇಲೆ ಆ ಜಾಗವನ್ನು ವರ್ಷಗಟ್ಟಲೆ ಬಿಟ್ಟು ಮುಂದೆ ಹೋಗುವುದು ಅವರ ಕ್ರಮ. ಬಿಟ್ಟ ಜಾಗದಲ್ಲಿ ಕಾಡು ಮತ್ತೆ ಏಳಬೇಕು. ಬೇಗ ಬೇಗ ಮರಳಿ ಬಂದರೆ ಏಳುವುದಿಲ್ಲ. ಕ್ಲೆಗಾರ್ನ್ ಕಂಡ ಹಾನಿ ಸುಳ್ಳಲ್ಲ. ಆದರೆ ರೈಲಿಗೆ ಹೋದ ಮರವೂ ಅದೇ ಕಾಡಿನದು. ಎರಡೂ ಅವರಿಗೆ ಗೊತ್ತಿತ್ತು. ರೈಲಿನವರಿಗೆ ಮರ ಕೊಡುವ ವ್ಯವಸ್ಥೆ ಮಾಡುವುದು ಅವರ ಇಲಾಖೆಯ ಕೆಲಸವಾಗಿತ್ತು. ಕುಮರಿಯವನಿಗೆ ಸಿಕ್ಕಿದ್ದು ನಿಷೇಧ. ನನ್ನ ಮಟ್ಟಿಗೆ ಅವರ ಜೀವನದಲ್ಲಿ ಅರಗಿಸಿಕೊಳ್ಳಲು ಕಷ್ಟವಾದ ಭಾಗ ಇದು. ಹಾಗೆಂದು ಅವರನ್ನು ಬರೀ ಕಂಪನಿಯ ಮನುಷ್ಯ ಎಂದು ತಳ್ಳಿಹಾಕಲೂ ಮನಸ್ಸು ಬರಲಿಲ್ಲ. ಕಾಡು ಮುಗಿಯುವ ವಸ್ತು ಎಂದು ಯಾರೂ ಎಣಿಸದಿದ್ದಾಗ ಎಣಿಸಲು ಕೂತವರು ಅವರು.

ಮರುವಾರ ಮಾರ್ಗದರ್ಶಕರ ಅನುಮತಿ ಕೇಳಿ ಇನ್ನೊಂದು ಅವಧಿ ಪಡೆದೆ. ಈ ಸಲ ಉಳಿದ ಕಥೆ ಹೇಳಿದೆ. 1861ರಲ್ಲಿ ಅವರ ಪುಸ್ತಕ ಬಂತು, ದಕ್ಷಿಣ ಭಾರತದ ಕಾಡು ಮತ್ತು ತೋಟಗಳ ಮೇಲೆ. ಅಲ್ಲಿಂದ ಪಂಜಾಬಿಗೆ ಹೋಗಿ ಹಿಮಾಲಯದ ದೇವದಾರು ಕಾಡುಗಳ ಸಮೀಕ್ಷೆ ಮಾಡಿದರು. ಜರ್ಮನಿಯ ಡೀಟ್ರಿಚ್ ಬ್ರಾಂಡಿಸ್ ಜೊತೆ ದುಡಿದರು. 1864ರಲ್ಲಿ ಭಾರತದ ಅರಣ್ಯ ಇಲಾಖೆ ನಿಂತಿತು. ಸೇವೆ ಮುಗಿಸಿ ಸ್ಟ್ರಾವಿಥಿಗೆ ಮರಳಿದ ಮೇಲೂ ಅರಣ್ಯಶಾಸ್ತ್ರವನ್ನು ವಿಶ್ವವಿದ್ಯಾನಿಲಯದಲ್ಲಿ ಕಲಿಸಬೇಕೆಂದು ಶ್ರಮಿಸಿದರು. 1895ರಲ್ಲಿ ಅಲ್ಲೇ ತೀರಿಕೊಂಡರು. ಬಳಿಕ ಕಪ್ಪುಹಲಗೆಯನ್ನು ಎರಡು ಭಾಗ ಮಾಡಿದೆ. ಒಂದು ಕಡೆ ಡಾಕ್ಟರು ಬರೆದಿಟ್ಟದ್ದು, ಇನ್ನೊಂದು ಕಡೆ ಬರೆಯದೆ ಬಿಟ್ಟದ್ದು. ಎರಡನೆಯ ಭಾಗವನ್ನು ಖಾಲಿ ಬಿಟ್ಟು, ಮನೆಯ ಹಿರಿಯರನ್ನು ಕೇಳಿಕೊಂಡು ಬನ್ನಿ ಎಂದೆ.

ಸೋಮವಾರ ಆ ಹುಡುಗಿ ಅಜ್ಜಿಯಿಂದ ಕೇಳಿ ಬರೆದುಕೊಂಡ ಒಂದು ಹಾಳೆ ತಂದಳು. ಕುಮರಿಯಲ್ಲಿ ಬೆಳೆಯುತ್ತಿದ್ದ ಬೆಳೆಗಳ ಹೆಸರು: ರಾಗಿ, ಸಾಮೆ, ಹರಳು. ಕೆಳಗೆ ಇನ್ನೊಂದು ಸಾಲು. ಕಡಿಯುವಾಗ ಯಾವ ಮರ ಬಿಡುತ್ತಿದ್ದರೆಂದು ಅಜ್ಜಿಗೆ ನೆನಪಿಲ್ಲ, ಮಾವನನ್ನು ಕೇಳಿ ಹೇಳುತ್ತೇನೆ. ಅದನ್ನು ಕಪ್ಪುಹಲಗೆಯ ಖಾಲಿ ಭಾಗದಲ್ಲಿ ಅವಳಿಂದಲೇ ಬರೆಸಿದೆ.