ಹಿಮಶಿಖರಕ್ಕೆ ಮೈಸೂರಿನಿಂದ ಹೊರಟ ಗೆರೆ

ಜಗತ್ತಿನ ಅತ್ಯುನ್ನತ ಶಿಖರವನ್ನು ಲೋಕವೆಲ್ಲ ಎವರೆಸ್ಟ್ ಎಂಬ ಹೆಸರಿನಿಂದ ಬಲ್ಲದು. ಅದರ ಎತ್ತರವನ್ನು ನಿರ್ಣಯಿಸಿದ ಮಹಾ ಮೋಜಣಿಯು ನಮ್ಮ ಕನ್ನಡನಾಡಿನಲ್ಲಿ ಮೊದಲಾಯಿತೆಂಬುದನ್ನೂ, ಮೊದಲುಮಾಡಿದಾತನು ವಿಲಿಯಂ ಲ್ಯಾಂಬ್ಟನ್ ಎಂಬ ಸೇನಾಧಿಕಾರಿಯೆಂಬುದನ್ನೂ ಬಲ್ಲವರು ವಿರಳ.

ಯಾರ್ಕ್‌ಷೈರಿನ ಬಡ ಮನೆತನದಲ್ಲಿ ಜನಿಸಿದ ಈತನು 1799ರಲ್ಲಿ ಶ್ರೀರಂಗಪಟ್ಟಣವನ್ನು ಮುತ್ತಿದ ಸೇನೆಯಲ್ಲಿದ್ದನು. ಟೀಪೂ ಸುಲ್ತಾನನು ಮಡಿದ ಮೇಲೆ, ಪರ್ಯಾಯದ್ವೀಪವನ್ನು ಕಡಲಿನಿಂದ ಕಡಲಿಗೆ ಶಾಸ್ತ್ರೋಕ್ತವಾಗಿ ಅಳೆಯುವ ಯೋಜನೆಯನ್ನು ಸರ್ಕಾರದ ಮುಂದಿಟ್ಟನು. ಕುಂಫಣಿಗೆ ಬೇಕಾಗಿದ್ದುದು ಗೆದ್ದ ಸೀಮೆಯ ನಕ್ಷೆ. ಲ್ಯಾಂಬ್ಟನನಿಗೆ ಬೇಕಾಗಿದ್ದುದು ಭೂಗೋಳದ ನಿಜವಾದ ಆಕಾರ. 1800ರಲ್ಲಿ ಬೆಂಗಳೂರಿನ ಬಳಿ ಆಧಾರರೇಖೆಯೊಂದನ್ನು ಅಳೆದನು. 1802ರಲ್ಲಿ ಮದರಾಸಿನಲ್ಲಿ ಮತ್ತೊಂದನ್ನು. ಅಲ್ಲಿಂದ ಬೆಟ್ಟದಿಂದ ಬೆಟ್ಟಕ್ಕೆ ತ್ರಿಕೋನಗಳನ್ನು ಹೆಣೆಯುತ್ತ ಪಶ್ಚಿಮಕ್ಕೆ ನಡೆದನು. ಗೋಣಿಬೀಡು ಇರುವ ಮೂಡಿಗೆರೆ ಸೀಮೆಯ ಬಲ್ಲಾಳರಾಯನದುರ್ಗವೂ ಆತನ ವೀಕ್ಷಣಸ್ಥಾನಗಳಲ್ಲಿ ಒಂದಾಗಿತ್ತು. ಅರ್ಧ ಟನ್ ತೂಕದ ಕೋನಮಾಪಕ ಯಂತ್ರವನ್ನು ಇಂತಹ ಬೆಟ್ಟಗಳ ನೆತ್ತಿಗೆ ಹೊತ್ತವರು ಈ ದೇಶದ ಕೂಲಿಗಳು. ಮದರಾಸಿನಿಂದ ಮಂಗಳೂರಿಗೆ 400 ಮೈಲಿಯೆಂದು ತೋರಿಸುತ್ತಿದ್ದ ಹಳೆಯ ನಕ್ಷೆಗಳು ತಪ್ಪೆಂದೂ, ಅಂತರವು ಸುಮಾರು 360 ಮೈಲಿಯೆಂದೂ ಆಗ ಸಿದ್ಧವಾಯಿತು.

ಅನಂತರ ಉತ್ತರಾಭಿಮುಖವಾದ ಈ ಕಾರ್ಯದಲ್ಲಿಯೇ ಲ್ಯಾಂಬ್ಟನನು 1823ರ ಜನವರಿ 20ರಂದು ಹಿಂಗನಘಾಟಿನಲ್ಲಿ ದೇಹವಿಟ್ಟನು. ಅದನ್ನು ಹಿಮಾಲಯದ ತಪ್ಪಲಿಗೆ ಮುಟ್ಟಿಸಿದವನು ಶಿಷ್ಯ ಜಾರ್ಜ್ ಎವರೆಸ್ಟ್. ಆತನು 1843ರಲ್ಲಿ ನಿವೃತ್ತನಾದನು. ಹದಿನೈದನೆಯ ಸಂಖ್ಯೆಯ ಶಿಖರವೇ ಸರ್ವೋನ್ನತವೆಂಬುದು ಹೊರಬಿದ್ದದ್ದು ಆ ಬಳಿಕ, ಬಂಗಾಳದ ರಾಧಾನಾಥ ಸಿಕ್ದಾರರು ಮುಖ್ಯರಾಗಿದ್ದ ಗಣಕರ ಲೆಕ್ಕದಿಂದ. 1856ರಲ್ಲಿ ಪ್ರಕಟವಾದ ಎತ್ತರ 29,002 ಅಡಿ. ಅಧಿಕಾರಿಯಾದ ಆಂಡ್ರೂ ವಾ ತನ್ನ ಪೂರ್ವಾಧಿಕಾರಿಯ ಹೆಸರನ್ನು ಸೂಚಿಸಿದನು. ಈ ದೇಶದವರ ಬಾಯಿಗೆ ಆ ಹೆಸರು ಒಗ್ಗದೆಂದು ಎವರೆಸ್ಟನೇ ಆಕ್ಷೇಪಿಸಿದನು; ಆದರೂ 1865ರಲ್ಲಿ ಅದೇ ಸ್ಥಿರವಾಯಿತು. ಟಿಬೆಟ್ಟಿನವರು ಅದನ್ನು ಚೋಮೋಲುಂಗ್ಮಾ ಎಂದು ಕರೆಯುತ್ತಲೇ ಇದ್ದರು.

1953ರ ಮೇ 29ರಂದು ತೇನ್‌ಸಿಂಗ್ ಮತ್ತು ಹಿಲರಿ ಆ ಶಿಖರವನ್ನು ಮೆಟ್ಟಿದರು. ಹತ್ತಿದವರಿಗೆ ಕೀರ್ತಿ ಬಂದಿತು, ಅದು ನ್ಯಾಯವೇ. ಆದರೆ ಅಳೆಯಲು ಮೊದಲಿಟ್ಟವನಿಗೂ, ಲೆಕ್ಕಹಾಕಿದವರಿಗೂ, ಯಂತ್ರ ಹೊತ್ತವರಿಗೂ ಶಿಖರದ ಹೆಸರಿನಲ್ಲಿ ಪಾಲು ದೊರೆಯಲಿಲ್ಲ. ಅಧಿಕಾರದಲ್ಲಿದ್ದವನು ಇಟ್ಟ ಹೆಸರು ಉಳಿಯುತ್ತದೆ. ದುಡಿದವರ ಹೆಸರನ್ನು ಉಳಿಸುವ ಭಾರ ಓದುಬಲ್ಲವರದು. ನಮ್ಮ ಶಾಲೆಗಳ ಭೂಗೋಳಪಾಠದಲ್ಲಿ ಎವರೆಸ್ಟಿನ ಜೊತೆಗೆ ಲ್ಯಾಂಬ್ಟನ್, ಸಿಕ್ದಾರರ ಹೆಸರುಗಳನ್ನೂ ಹೇಳಿಕೊಡಬೇಕೆಂಬುದು ನಮ್ಮ ಅಭಿಪ್ರಾಯ.