ಅರಳಗುಂಡಗಿಯ ಹೊಲದಲ್ಲೊಂದು ನಾಟಕ

ಮಕ್ಕಳೇ, ನಾಟಕ ಆಡಬೇಕು ಅಂದರೆ ಪರದೆ, ಬಣ್ಣದ ದೀಪ, ಬಾಡಿಗೆಯ ವೇಷ ಬೇಕೇ ಬೇಕು ಅಂದುಕೊಂಡಿದ್ದೀರಾ? ಮೊದಲು ಬೇಕಾದದ್ದು ಒಂದು ಒಳ್ಳೆಯ ಜಗಳ! ಹೇಗೆ ಅಂತ ಕಲಬುರಗಿ ಸೀಮೆಯ ಒಂದು ಕಥೆಯಿಂದಲೇ ನೋಡೋಣ.

ಜೇವರ್ಗಿ ತಾಲ್ಲೂಕಿನ ಅರಳಗುಂಡಗಿ ಶರಣಬಸವೇಶ್ವರರು (1746–1822) ಹುಟ್ಟಿದ ಊರು. ಹೋಳಿ ಹುಣ್ಣಿಮೆ ಮುಗಿದ ಮೇಲೆ ಕಲಬುರಗಿಯಲ್ಲಿ ಅವರ ತೇರು ಎಳೆಯುತ್ತಾರೆ. ಈ ಸೀಮೆಯಲ್ಲಿ ಹಿರಿಯರು ಅವರ ಬಗ್ಗೆ ಹೇಳುವ ಕಥೆ ಇದು: ಹೊಲ ಕಾಯಬೇಕಾದ ಶರಣಪ್ಪ, ಅಂದರೆ ಶರಣಬಸವೇಶ್ವರರು, ಹಕ್ಕಿಗಳನ್ನು ಓಡಿಸಲಿಲ್ಲ. ‘ತಿನ್ನಿ’ ಎಂದು ಬಿಟ್ಟು, ಕುಡಿಯಲು ನೀರನ್ನೂ ಇಟ್ಟರು. ಆದರೂ ರಾಶಿ ಮಾಡಿದಾಗ ಕಾಳು ಕಡಿಮೆಯಾಗಲಿಲ್ಲ, ಹೆಚ್ಚೇ ಬಂತು.

ಇಷ್ಟೇ ಹೇಳಿದರೆ ಅದು ಕಥೆ. ಈಗ ಪಕ್ಕದ ಹೊಲದವನನ್ನು ಕರೆತನ್ನಿ.

“ಶರಣಪ್ಪಾ, ಹಕ್ಕಿ ತೆನಿ ಎಲ್ಲಾ ತಿನ್ಲತ್ತಾವ, ನೀ ಸುಮ್ಮ ಕುಂತೀಯಲ್ಲೋ! ಕವಣಿ ಎಲ್ಲದ?”
“ಅವಕ್ಕೂ ಹಸಿವಿ ಆಗ್ತದಲ್ಲೋ ಅಣ್ಣಾ.”
“ನಾಳೆ ಮನ್ಯಾಗ ಏನ್ ಉಣ್ತಿ?”

ನೋಡಿ, ನಾಟಕ ಶುರುವಾಯಿತು. ಎರಡು ಪಾತ್ರಗಳು, ಇಬ್ಬರಿಗೂ ಬೇಕಾದದ್ದು ಬೇರೆ ಬೇರೆ. ಅದೇ ಸಂಘರ್ಷ. ಅದನ್ನು ಮುಂದಕ್ಕೆ ಒಯ್ಯುವುದು ಸಂಭಾಷಣೆ. ಪಕ್ಕದವನ ಮಾತಿನಲ್ಲೂ ನ್ಯಾಯವಿರಬೇಕು. ಅವನನ್ನು ಬರೀ ಕೆಟ್ಟವನನ್ನಾಗಿ ಮಾಡಿದರೆ ಆಟ ಸಪ್ಪೆಯಾಗುತ್ತದೆ. ರಾಶಿಯ ದಿನ ಏನಾಗುತ್ತದೋ ಎಂದು ನೋಡುವವರು ಕಾಯುವಂತಾದರೆ ನೀವು ಗೆದ್ದಂತೆ.

ಸ್ಥಳ ತೋರಿಸಲು ಜೋಳದ ಹೊಲ ತರಬೇಕಿಲ್ಲ. ನಾಲ್ಕು ಮಕ್ಕಳು ಕೈ ಮೇಲೆತ್ತಿ ತೂಗಾಡಿದರೆ ಅದೇ ಬೆಳೆ. ಇನ್ನು ನಾಲ್ವರು ಶಾಲು ಬೀಸುತ್ತಾ ಓಡಿ ಬಂದರೆ ಹಕ್ಕಿಗಳ ಹಿಂಡು.

ಪಾತ್ರದ ಪರಿಚಯಕ್ಕೆ ಉತ್ತರ ಕರ್ನಾಟಕದ ದೊಡ್ಡಾಟದಲ್ಲಿ ಒಂದು ಚಂದದ ಉಪಾಯವಿದೆ. ಊರ ಬಯಲಿನಲ್ಲಿ ರಾತ್ರಿಯಿಡೀ ನಡೆಯುವ ಈ ಆಟ ಗಣಪತಿಯ ಸ್ತುತಿಯಿಂದ ಶುರುವಾಗುತ್ತದೆ. ಕಿರೀಟ, ಭುಜಕೀರ್ತಿ ತೊಟ್ಟ ರಾಜ ಕುಣಿಯುತ್ತಾ ಬಂದರೆ ಸಾರಥಿ ಎಂಬ ಪಾತ್ರ ಅವನನ್ನೇ ತಡೆದು, ಯಾರು, ಯಾವ ಊರು, ಯಾಕೆ ಬಂದೆ ಎಂದು ವಿಚಾರಿಸುತ್ತಾನೆ. ರಾಜ ತನ್ನ ಬಗ್ಗೆ ತಾನೇ ಹೇಳಿಕೊಳ್ಳಬೇಕು! ನಡುನಡುವೆ ಸಾರಥಿ ನಗಿಸುತ್ತಾನೆ, ಹಿಮ್ಮೇಳ ಹಾಡಿ ಕಥೆಯನ್ನು ಮುಂದೆ ಸಾಗಿಸುತ್ತದೆ. ನಿಮ್ಮಲ್ಲಿ ಹೆಚ್ಚು ತುಂಟರು ಯಾರೋ ಅವರನ್ನೇ ಸಾರಥಿ ಮಾಡಿ. ಪಾತ್ರ ಸಿಗದವರು ಹಿಮ್ಮೇಳದಲ್ಲಿ ತಾಳ ಹಾಕಲಿ.

ಕನ್ನಡ ಓದಲು ಬಾರದವರೂ ಇದನ್ನು ಆಡಬಹುದು. ಅಜ್ಜ ಅಜ್ಜಿಗೆ ಫೋನ್ ಮಾಡಿ ಮಾತುಗಳನ್ನು ಅವರ ಊರಿನ ಕನ್ನಡದಲ್ಲೇ ಹೇಳಿಸಿಕೊಂಡು ಕಲಿಯಿರಿ. ಈ ಸಲದ ರಾಜ್ಯೋತ್ಸವದಲ್ಲಿ ಸಿನಿಮಾ ಹಾಡಿನ ಕುಣಿತದ ಜೊತೆಗೆ ಹತ್ತು ನಿಮಿಷ ಈ ನಾಟಕಕ್ಕೂ ಇರಲಿ. ನಾಟಕದಲ್ಲಿ ಆಡಲು ನಿಮ್ಮ ಹೆಸರು ಕೊಡುವಂತೆ ಅಪ್ಪ ಅಮ್ಮನಿಗೆ ಇವತ್ತೇ ಹೇಳಿ.